ಪರಸ್ಥ ಆಸ್ತಿ ರಕ್ಷಣಾ ಖಾತೆಯ ಮೊದಲನೆಯ ಅರ್ಜಿ

ಬೆಣಚಿಹಾಳ ಸಂಸ್ಥಾನದ ಸರಕಾರವು ಪರರಾಜ್ಯದವರ ಜಾಗವನ್ನು ಕಾರಣ ಕೊಡದೆ ಎಂದೂ ಕಸಿದುಕೊಂಡದ್ದಿಲ್ಲ. ಪ್ರತಿ ಸಲವೂ ಕಾರಣವನ್ನು ಮೂರು ಪ್ರತಿಗಳಲ್ಲಿ ಬರೆಸಿ, ಒಂದನ್ನು ಜಾಗದ ಮಾಲಕನಿಗೆ ಕೊಟ್ಟು, ಒಂದನ್ನು ದಫ್ತರದಲ್ಲಿಟ್ಟು, ಮೂರನೆಯದನ್ನು ಅದೇ ಜಾಗದಲ್ಲಿ ಒಂದು ಗೂಟ ಹುಗಿದು ಅಂಟಿಸುವ ಪದ್ಧತಿ ಇತ್ತು. ಗೂಟದ ಖರ್ಚನ್ನು ಸರಕಾರವೇ ವಹಿಸಿಕೊಳ್ಳುತ್ತಿತ್ತು.

ಸಂಸ್ಥಾನ ದೊಡ್ಡದಲ್ಲ, ಆರೂವರೆ ಹಳ್ಳಿ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯಲ್ಲಿ ಸತ್ತೂರ ದಾಟಿ, ಎಡಕ್ಕೆ ಹೊರಳಿ, ಒಂದು ಹಳ್ಳ ಇಳಿದು ಹತ್ತಿದರೆ ಇಂಗ್ಲಿಷರ ರಾಜ್ಯ ಮುಗಿದು ಬೆಣಚಿಹಾಳದ ಒಡೆಯರಾದ ಶ್ರೀಮಂತರ ರಾಜ್ಯ ಶುರುವಾಗುತ್ತಿತ್ತು. ಆ ಹಳ್ಳ ಒಂದು ಊರಿನ ನಟ್ಟನಡುವೆ ಹರಿದದ್ದರಿಂದ ಲೆಕ್ಕದಲ್ಲಿ ಅರ್ಧ ಹಳ್ಳಿ ಉಳಿಯಿತು. ಆಚೆ ದಂಡೆಯಲ್ಲಿ ಅರಿವೆ ಒಗೆಯುವ ಹೆಂಗಸರು ಕಾನೂನಿನ ಪ್ರಕಾರ ವಿದೇಶಿಯರು. ಹುಬ್ಬಳ್ಳಿ, ಧಾರವಾಡದವರೂ ವಿದೇಶಿಯರೇ. ಸರಕಾರಿ ಕಾಗದದಲ್ಲಿ ಇವರೆಲ್ಲರಿಗೂ ‘ಪರಸ್ಥರು’ ಎಂದು ಹೆಸರು.

ಪರಸ್ಥರಿಗೆ ಜಾಗ ಮಾರುವುದು ಸಂಸ್ಥಾನದ ಮುಖ್ಯ ಬೆಳೆಯಾಗಿತ್ತು. 1928ರಲ್ಲಿ ಹುಬ್ಬಳ್ಳಿಯ ಒಬ್ಬ ಅರಳೆ ವ್ಯಾಪಾರಿ ಕೊಂಡ ಜಾಗವನ್ನು ಮರುವರ್ಷ ಗಜಶಾಲೆಗೆಂದು ತೆಗೆದುಕೊಳ್ಳಲಾಯಿತು. ಸಂಸ್ಥಾನದಲ್ಲಿ ಆನೆ ಇರಲಿಲ್ಲ. ಗಜಶಾಲೆ ಇಲ್ಲದ್ದರಿಂದಲೇ ಆನೆ ಬಂದಿರುವುದಿಲ್ಲವೆಂದು ಕಾರಣದಲ್ಲಿ ಸ್ಪಷ್ಟವಾಗಿ ಬರೆದಿತ್ತು. 1931ರಲ್ಲಿ ಧಾರವಾಡದ ವಕೀಲರೊಬ್ಬರ ಜಾಗ ಟೆನಿಸ್ ಅಂಗಳವಾಯಿತು. ಸಂಸ್ಥಾನಗಳ ಮೇಲ್ವಿಚಾರಣೆಯ ಏಜೆಂಟ ಸಾಹೇಬರು ಅಲ್ಲಿ ಒಂದು ಸಂಜೆ ಆಡಿ, ಕಾಲು ಉಳುಕಿಸಿಕೊಂಡು ಹೋದರು. ಅಲ್ಲಿಂದ ಮುಂದೆ ಪರಸ್ಥರು ಹಳ್ಳ ದಾಟುವುದನ್ನೇ ಬಿಟ್ಟರು, ಬೊಕ್ಕಸ ಬಣಗುಡತೊಡಗಿತು.

ಸಂಸ್ಥಾನದ ಕಾರಭಾರಿ ಗೋವಿಂದಪ್ಪನವರು ಎಂದೂ ದನಿ ಏರಿಸದ ಮನುಷ್ಯ. ಅವರು ಮೂರು ತಿಂಗಳು ವಿಚಾರ ಮಾಡಿ, 1935ರ ಜೂನದಲ್ಲಿ ಒಂದು ಜಾಹೀರನಾಮೆ ಹೊರಡಿಸಿ ಹುಬ್ಬಳ್ಳಿಯ ಗೋಡೆಗಳಿಗೆ ಹಚ್ಚಿಸಿದರು.

‘ಸರ್ವ ಪರಸ್ಥ ಸದ್ಗೃಹಸ್ಥರಿಗೆ ತಿಳಿಯಪಡಿಸುವುದೇನೆಂದರೆ, ಈ ಹಿಂದೆ ಸಂಸ್ಥಾನದಲ್ಲಿ ಜಾಗ ಕೊಂಡ ಕೆಲವರ ಮನಸ್ಸಿನಲ್ಲಿ ಜಾಗ ಹೋಯಿತೆಂಬ ಭಾವನೆ ಉಂಟಾಗಿರುವುದು ಸರಕಾರದ ಗಮನಕ್ಕೆ ಬಂದಿದೆ. ಇನ್ನು ಮುಂದೆ ಅಂಥ ಭಾವನೆಯಿಂದ ಪರಸ್ಥರನ್ನು ಕಾಪಾಡುವ ಸಲುವಾಗಿ ಪರಸ್ಥ ಆಸ್ತಿ ರಕ್ಷಣಾ ಖಾತೆಯನ್ನು ಸ್ಥಾಪಿಸಲಾಗಿದೆ. ಹಳ್ಳದ ದಂಡೆಗೆ ಹನ್ನೆರಡು ಜಾಗಗಳು ಮಾರಾಟಕ್ಕಿವೆ. ಗಾಳಿ ಬೆಳಕು ಯಥೇಚ್ಛ. ಮೊದಲು ಬಂದವರಿಗೆ ಮೊದಲು ರಕ್ಷಣೆ.’

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಈ ಜಾಹೀರನಾಮೆಯನ್ನು ಹಚ್ಚಿದ ಗೋಡೆ ಕಮರುದ್ದೀನನ ಅಂಗಡಿಯದು. ಅವನು ಹೊಲಿಗೆ ಯಂತ್ರ ರಿಪೇರಿಯವನು. ಇಪ್ಪತ್ತಾರು ವರ್ಷ ಒಂದೇ ಕಟ್ಟೆಯ ಮೇಲೆ ಕುಳಿತು ಹುಬ್ಬಳ್ಳಿಯ ದರ್ಜಿಗಳೆಲ್ಲರ ಯಂತ್ರಗಳ ಸ್ವಭಾವ ಬಲ್ಲವನಾಗಿದ್ದ. ಅವನೂ ಅವನ ಹೆಂಡತಿ ಮಕ್ತುಮಬಿಯೂ ಎರಡು ಬಾಡಿಗೆ ಕೋಣೆಗಳಲ್ಲಿದ್ದರು. ಹದಿನಾಲ್ಕು ಮನೆಗಳಿಗೆ ಒಂದು ನಳ. ಅದು ಮುಂಜಾನೆ ಒಂದು ತಾಸು ಬರುತ್ತಿತ್ತು, ಮಾಲಕಿಯ ಬೈಗಳು ದಿನವಿಡೀ ಬರುತ್ತಿದ್ದವು. ಮಕ್ತುಮಬಿಗೆ ಬಂಗಾರದ ಆಸೆಯಿರಲಿಲ್ಲ. ತನ್ನದೇ ಒಂದು ಬಾವಿ, ಅದರ ಪಕ್ಕ ತನ್ನದೇ ಒಂದು ಅಡಿಗೆಮನೆ ಇಷ್ಟು ಸಾಕಾಗಿತ್ತು. ಕಮರುದ್ದೀನ ಜಾಹೀರನಾಮೆಯನ್ನು ಎಂಟು ದಿನ ಓದಿದ. ಒಂಬತ್ತನೆಯ ದಿನ ಟಾಂಗಾ ಹಿಡಿದು ಹೊರಟ.

ಕಾರಭಾರಿಗಳು ಎದ್ದು ನಿಂತು ಬರಮಾಡಿಕೊಂಡರು. ಅವನ ಜೀವಮಾನದಲ್ಲಿ ಅವನಿಗೋಸ್ಕರ ಎದ್ದು ನಿಂತ ಮೊದಲ ಸರಕಾರಿ ಮನುಷ್ಯ ಅವರೇ.

“ಬರ್ರಿ ಕಮರುದ್ದೀನ ಸಾಹೇಬ್ರ, ಬಿಸಲಾಗ ಬಂದೀರಿ. ಮೊದಲ ಚಾ ಕುಡೀರಿ.”

“ಒಂದು ಮಾತ ಕೇಳಬೇಕಾಗಿತ್ರಿ.”

“ಹತ್ತು ಕೇಳ್ರಿ.”

“ನಾ ಜಾಗಾ ತಗೊಂಡ ಮ್ಯಾಲೆ ಸರಕಾರ ಹೊಳ್ಳಿ ಕಸಗೊಂಡ್ರ ಏನ ಮಾಡ್ಲಿ?”

“ಖಾತೆಗೆ ಅರ್ಜಿ ಕೊಡ್ರಿ. ಅದಕ್ಕ ಖಾತೆ ತಗದೇವಿ.”

“ಖಾತೆ ಎಲ್ಲೈತ್ರಿ?”

“ಹುಕುಮಿನ್ಯಾಗ ಐತಿ. ಕಟ್ಟಡ ಇನ್ನ ಆಗಬೇಕು. ಮೊದಲ ಜಾಗಾ ಮಾರಬೇಕು, ಆಮ್ಯಾಲೆ ರಕ್ಷಣಾ. ಮಾರದ ಜಾಗಾನ ಯಾರಿಂದ ರಕ್ಷಣಾ ಮಾಡೋದು, ನೀವ ಹೇಳ್ರಿ?”

ಕಮರುದ್ದೀನನಿಗೆ ಈ ಮಾತು ಸರಿ ಎನಿಸಿತು. ಬಿಚ್ಚದ ಯಂತ್ರವನ್ನು ಯಾರಿಗೂ ಜೋಡಿಸಲು ಬರುವುದಿಲ್ಲ ಎಂಬುದು ಅವನ ಸ್ವಂತ ಅನುಭವ. ಅವನು ಏಳನೆಯ ನಂಬರಿನ ಜಾಗ ಕೊಂಡ.

ಮನೆಗಿಂತ ಮೊದಲು ಬಾವಿ ತೋಡಿಸಿದ. ಉಳಿದ ಹನ್ನೊಂದು ಜಾಗಗಳಲ್ಲಿ ಹಿಂದೆ ಸರಕಾರವೇ ಅಗೆಸಿ ನೋಡಿದಾಗ ಕಲ್ಲು ಸಿಕ್ಕಿತ್ತು, ಇಲ್ಲವೆ ಸವುಳು ನೀರು ಸಿಕ್ಕಿತ್ತು. ಇಲ್ಲಿ ಇಪ್ಪತ್ತು ಮೊಳಕ್ಕೆ ನೀರು ಬುಗ್ಗೆಯಾಗಿ ಬಂತು. ಮಕ್ತುಮಬಿ ಒಂದು ಗುಟುಕು ಕುಡಿದು ಗಂಡನ ಮುಖ ನೋಡಿದಳು.

“ಇದರಾಗ ಸಕ್ರಿ ಹಾಕೀರೇನ?”

ಆಮೇಲೆ ಅವಳು ಮತ್ತೆ ಎರಡು ಚರಿಗೆ ಕುಡಿದಳು. ಬಾವಿಯ ಸುದ್ದಿ ಆರೂವರೆ ಹಳ್ಳಿಗೂ ಹಬ್ಬಿತು. ಶ್ರೀಮಂತರ ಅರಮನೆಗೂ ಎರಡು ಕೊಡ ಹೋಯಿತು. ಮನೆಯ ಬುನಾದಿ ಮೊಣಕಾಲಿನಷ್ಟು ಎದ್ದಾಗ, ಸಂಸ್ಥಾನದ ಶಿಪಾಯಿ ಹನುಮಪ್ಪ ಬಂದ. ಅವನು ಮೊದಲು ನೀರು ಬೇಡಿ ಕುಡಿದ, ಇನ್ನೊಂದು ಚರಿಗೆ ಬೇಡಿ ಅದನ್ನೂ ಕುಡಿದ, ಬಾಯಿ ಒರಸಿಕೊಂಡು ಬಗಲಿನಿಂದ ಒಂದು ಗೂಟ ತೆಗೆದ.

‘ಸದರಿ ಏಳನೆಯ ನಂಬರಿನ ಜಾಗವು ಸಾರ್ವಜನಿಕ ಉಪಯೋಗಕ್ಕಾಗಿ, ಅಂದರೆ ಪರಸ್ಥ ಆಸ್ತಿ ರಕ್ಷಣಾ ಖಾತೆಯ ಕಟ್ಟಡಕ್ಕಾಗಿ, ಬೇಕಾಗಿರುತ್ತದೆ. ಕಾರಣ: ಜಾಗ ಕಳೆದುಕೊಂಡ ಪರಸ್ಥರು ಅರ್ಜಿ ಹಿಡಿದು ದೂರದಿಂದ ಬರುವಾಗ ನೀರಡಿಸಿ ಬರುವರು. ಹನ್ನೆರಡು ಜಾಗಗಳ ಪೈಕಿ ಸಿಹಿನೀರಿನ ಬಾವಿ ಇರುವುದು ಇದೊಂದರಲ್ಲಿ ಮಾತ್ರ. ಬಾವಿ ತೋಡಿಸಿದ ಮಾಲಕರ ದೂರದೃಷ್ಟಿಯನ್ನು ಸರಕಾರವು ಮೆಚ್ಚಿಕೊಂಡಿದೆ. ಪರಿಹಾರದ ವಿಷಯವನ್ನು ಖಾತೆಯು ಸ್ಥಾಪನೆಯಾದ ನಂತರ ಖಾತೆಯೇ ವಿಚಾರಿಸತಕ್ಕದ್ದು.’

ಕಮರುದ್ದೀನ ತನಗೆ ಕೊಟ್ಟ ಪ್ರತಿಯನ್ನು ಎರಡು ಸಲ ಓದಿ ಹೇಳಿದ. ಮಕ್ತುಮಬಿ ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ಬೈದಾರೇನ?” ಎಂದು ಕೇಳಿದಳು.

“ಇಲ್ಲ, ಹೊಗಳ್ಯಾರ.”

“ಕಮರಿಪೇಟಿ ಮಾಲಕಿ ಬೈತಿದ್ಲು, ಏನ ಬೈದ್ಲು ಅಂತರೆ ತಿಳೀತಿತ್ತು. ಇವ್ರು ಇಷ್ಟ ಮರ್ಯಾದಿಲೆ ಮಾತಾಡತಾರ, ಮನಿ ಹೋಗಿದ್ದೂ ತಿಳಿಯಂಗಿಲ್ಲ.” ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು. ಹನುಮಪ್ಪ ಮುಖ ಆಚೆ ತಿರುಗಿಸಿ ಗೂಟ ಬಡಿದ.

ಮರುದಿನವೇ ಕಮರುದ್ದೀನ ತಕರಾರು ಬರೆದುಕೊಂಡು ಕಾರಭಾರಿಗಳ ಮುಂದೆ ನಿಂತ. ಅವರು ಎಂದಿನಂತೆ ಎದ್ದು ನಿಂತರು.

“ತಕರಾರ ಮಾಡೋದು ನಿಮ್ಮ ಹಕ್ಕು. ಅದನ್ನ ಯಾರೂ ಕಸಗೊಳ್ಳಂಗಿಲ್ಲ. ಖರೇ ಹೇಳಬೇಕಂದ್ರ ಇಂಥಾ ತಕರಾರ ಕೇಳಲಿಕ್ಕಂತನ ಆ ಖಾತೆ.”

“ಹಂಗಾರ ಕೇಳ್ರಿ.”

“ಖಾತೆಗೆ ಕಟ್ಟಡ ಇಲ್ಲ.”

“ಎಂದ ಆಗ್ತೈತ್ರಿ?”

“ಜಾಗಾದ ಮ್ಯಾಲೆ ತಕರಾರ ಇರಲಿಲ್ಲ ಅಂದ್ರ ಆರು ತಿಂಗಳದಾಗ ಮುಗೀತೈತಿ.”

“ನಂದ ತಕರಾರ ಐತಲ್ರಿ.”

ಗೋವಿಂದಪ್ಪನವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ನಿಜವಾಗಿಯೂ ಅವರಿಗೆ ಸಂಕಟವಾಗಿತ್ತು. “ಅದ ನೋಡ್ರಿ ತೊಂದರಿ. ತಕರಾರ ಇದ್ರ ಕಟ್ಟಡ ಆಗಂಗಿಲ್ಲ, ಕಟ್ಟಡ ಆಗದ ತಕರಾರ ಕೇಳಾಕ ಆಗಂಗಿಲ್ಲ. ಖಾತೆ ನಿಯಮದ ಹನ್ನೊಂದನೇ ಕಲಮಿನ ಪ್ರಕಾರ ನೀವು ಮುಂದ ತಕರಾರ ಕೊಡೋ ಸಲುವಾಗಿ ತಕರಾರ ಸದ್ಯಕ್ಕಷ್ಟ ಹಿಂದ ತಗೋಬಹುದು.”

ಹನ್ನೊಂದನೆಯ ಕಲಮನ್ನು ಅವರು ಅದೇ ಮಧ್ಯಾಹ್ನ ಬರೆದಿದ್ದರು, ಶಾಯಿ ಇನ್ನೂ ಹಸಿಯಾಗಿತ್ತು. ಕಮರುದ್ದೀನ ಸಹಿ ಮಾಡಿದ.

ಹೀಗೆ ಬೆಣಚಿಹಾಳದಲ್ಲಿ ಆ ಕಟ್ಟಡ ಲಗೂ ಮುಗಿಯಬೇಕೆಂದು ಬಯಸುವ ಒಬ್ಬನೇ ಒಬ್ಬ ಮನುಷ್ಯ ಹುಟ್ಟಿಕೊಂಡ. ಸಂಸ್ಥಾನದಲ್ಲಿದ್ದ ಒಬ್ಬನೇ ಗೌಂಡಿ ಶ್ರೀಮಂತರ ಬ್ಯಾಂಡಿನಲ್ಲಿ ತುತ್ತೂರಿಯನ್ನೂ ಊದುತ್ತಿದ್ದುದರಿಂದ, ಅರಮನೆಯಲ್ಲಿ ಸಂತೋಷದ ಪ್ರಸಂಗ ಬಂದಾಗಲೆಲ್ಲ ಗೋಡೆಯ ಕೆಲಸ ನಿಲ್ಲುತ್ತಿತ್ತು. ಕಮರುದ್ದೀನ ಪ್ರತಿ ಶುಕ್ರವಾರ ಅಂಗಡಿ ಮುಚ್ಚಿ, ನಮಾಜು ಮುಗಿಸಿ, ಹತ್ಯಾರಿನ ಚೀಲ ಹಿಡಿದು ಹಳ್ಳ ದಾಟುತ್ತಿದ್ದ. ಬಾಗಿಲು ತಿರುಗಲು ಬಿಜಾಗರಿ ಹಾಕಿದ, ಕಿಟಕಿಗೆ ಸರಳು ಕೂಡಿಸಿದ, ಬಾವಿಗೆ ಕಿರುಗುಟ್ಟದ ಗಾಲಿ ಹೂಡಿದ. ಕಮರಿಪೇಟೆಯಲ್ಲಿ ಅವನಿಗೆ ಸರಕಾರಿ ಗುತ್ತಿಗೆ ಸಿಕ್ಕಿದೆಯೆಂದು ಮಂದಿ ಹೊಟ್ಟೆಕಿಚ್ಚು ಪಟ್ಟರು.

ಎರಡನೆಯ ತಿಂಗಳು ಮಕ್ತುಮಬಿಯೂ ಜೊತೆಗೆ ಬಂದಳು. ಎದ್ದ ಗೋಡೆಗಳನ್ನು ನೋಡಿ ಅವಳ ಮುಖ ಗಂಟಾಯಿತು. ಅಂದು ಕೆಲಸ ನೋಡಲು ಬಂದಿದ್ದ ಕಾರಭಾರಿಗಳಿಗೆ ನೇರವಾಗಿ ಹೇಳಿದಳು.

“ಇಲ್ಲಿ ಬಾವಿ ಕಡೆ ಅಡಿಗಿಮನಿ ಬರಬೇಕ್ರಿ.”

“ಕಚೇರ್ಯಾಗ ಅಡಿಗಿಮನಿ ಬರಂಗಿಲ್ಲ, ಬಾಯಾರ.”

“ಅರ್ಜಿ ಹಿಡಕೊಂಡ ಬಂದವ್ರು ನೀರಡಿಸಿ ಬರ್ತಾರಂತ ನೀವ ಬರದೀರಿ. ಹಸದು ಬರಂಗಿಲ್ಲೇನು?”

ಗೋವಿಂದಪ್ಪನವರು ಲೇಖಣಿ ತೆಗೆದರು. ನಕ್ಷೆಯ ಮೇಲೆ ‘ಅರ್ಜಿದಾರರ ಅಲ್ಪೋಪಹಾರ ಕೋಣೆ’ ಎಂದು ಬರೆದರು. ಮುಂದಿನ ವಾರ ‘ವಿಚಾರಣೆ ತಡವಾದವರ ವಿಶ್ರಾಂತಿ ಕೋಣೆ’ ಬಂತು, ಅದರಲ್ಲಿ ಹಾಸಿಗೆ ಇಡಲು ಗೋಡೆಯಲ್ಲಿ ಮಾಡು ಬಂತು. ಮಕ್ತುಮಬಿ ತನ್ನ ಕಣ್ಣೊಳಗಿದ್ದ ಮನೆಯನ್ನು ಕಚೇರಿಯ ಹೆಸರುಗಳಲ್ಲಿ ಒಂದೊಂದಾಗಿ ಕಟ್ಟಿಸಿದಳು.

“ನಮ್ಮದಂತೂ ಆಗೂದಿಲ್ಲ,” ಎಂದ ಕಮರುದ್ದೀನ ಒಂದು ಸಂಜೆ ಮರಳುವ ದಾರಿಯಲ್ಲಿ. “ನೀ ಯಾಕ ಇಷ್ಟ ಜೀವಾ ತೇಯ್ತಿ?”

“ಆಗದಿದ್ರ ಬಿಡ್ರಿ. ನಮ್ಮ ಬಾವಿ ಮಗ್ಗಲ ಸೊಟ್ಟ ಮನಿ ನಿಂತ್ರ ನನಗ ನಿದ್ದಿ ಹತ್ತಂಗಿಲ್ಲ.”

1936ರ ಫೆಬ್ರುವರಿಯಲ್ಲಿ ಶ್ರೀಮಂತರು ರೇಶಿಮೆಯ ನೂಲು ಕತ್ತರಿಸಿ ಖಾತೆಯನ್ನು ಪ್ರಾರಂಭಿಸಿದರು. ಗೌಂಡಿ ತುತ್ತೂರಿ ಊದಿದ. ಆದರೆ ಖಾತೆಗೆ ಅಧಿಕಾರಿ ಇರಲಿಲ್ಲ. ಒಂಬತ್ತನೆಯ ಕಲಮಿನ ಪ್ರಕಾರ, ನಿಷ್ಪಕ್ಷಪಾತದ ಸಲುವಾಗಿ, ರಕ್ಷಣಾಧಿಕಾರಿಯು ಸಂಸ್ಥಾನದ ಪ್ರಜೆಯಾಗಿರತಕ್ಕದ್ದಲ್ಲ. ಅವನು ಪರಸ್ಥನಿರಬೇಕು, ಜಾಗ ಕಳೆದುಕೊಂಡ ದುಃಖದ ಅನುಭವ ಇದ್ದವನಿರಬೇಕು, ಮತ್ತು ಕುಟುಂಬಸಮೇತ ಕಚೇರಿಯಲ್ಲಿಯೇ ವಾಸಿಸಬೇಕು. ಈ ಯೋಗ್ಯತೆಯವರು ಜಗತ್ತಿನಲ್ಲಿ ಮೂವರೇ ಇದ್ದರು. ಅರಳೆ ವ್ಯಾಪಾರಿ ಪತ್ರಕ್ಕೆ ಉತ್ತರ ಬರೆಯಲಿಲ್ಲ. ವಕೀಲರು ಬರೆದರು, ಅದನ್ನು ದಫ್ತರದಲ್ಲಿ ಇಡುವ ಹಾಗಿರಲಿಲ್ಲ. ಉಳಿದವನು ಕಮರುದ್ದೀನ.

“ನಾ ಹೊಲಗಿ ಮಶೀನ ರಿಪೇರಿ ಮಾಡಾಂವ್ರಿ,” ಎಂದು ಅವನು ಹಿಂಜರಿದ.

“ಸರಕಾರನೂ ಮಶೀನ ಅಲ್ಲೇನ್ರಿ? ಎಣ್ಣಿ ಎಲ್ಲಿ ಬಿಡಬೇಕನ್ನೋದು ಗೊತ್ತಿದ್ರ ಆತು,” ಎಂದರು ಗೋವಿಂದಪ್ಪನವರು.

ಹೀಗೆ ಆ ಗಂಡಹೆಂಡತಿ ಸಾಮಾನು ಹೇರಿಕೊಂಡು ಏಳನೆಯ ನಂಬರಿಗೆ ಬಂದರು. ಮಾರ್ಚಿನ ಮೊದಲ ಶುಕ್ರವಾರ ಅರ್ಜಿ ನಂಬರು ಒಂದರ ವಿಚಾರಣೆ ನಡೆಯಿತು. ಅಧಿಕಾರಿ ಕಮರುದ್ದೀನ ಕುರ್ಚಿಯಲ್ಲಿ ಕುಳಿತ. ಹನುಮಪ್ಪ ಬಾಗಿಲಲ್ಲಿ ನಿಂತು “ಅರ್ಜಿದಾರ ಕಮರುದ್ದೀನ ಹಾಜರ್ ಹೈ?” ಎಂದು ಮೂರು ಸಲ ಕೂಗಿದ. ಅಧಿಕಾರಿ ಎದ್ದು, ಮೇಜು ಸುತ್ತುಹಾಕಿ ಬಂದು, ಎದುರಿಗೆ ಕೈಕಟ್ಟಿ ನಿಂತು “ಹಾಜರ ಇದ್ದೇನ್ರಿ” ಎಂದ. ಮತ್ತೆ ಹೋಗಿ ಕುಳಿತು ಅದನ್ನು ಬರೆದುಕೊಂಡ. ಸರಕಾರದ ಪರವಾಗಿ ಬಂದಿದ್ದ ಕಾರಭಾರಿಗಳು ತಮ್ಮ ತಕರಾರು ಏನೂ ಇಲ್ಲವೆಂದರು.

ಇಂಥ ದಿನ ಬಂದೀತೆಂದು ಕಮರುದ್ದೀನ ಕನಸಿನಲ್ಲಿಯೂ ಎಣಿಸಿರಲಿಲ್ಲ. ಇದ್ದ ಮಾತನ್ನು ಇದ್ದ ಹಾಗೆ ಬರೆದ: ‘ಜಾಗ ಅರ್ಜಿದಾರನದು. ಅವನಿಗೆ ಹೊಳ್ಳಿ ಕೊಡತಕ್ಕದ್ದು.’ ಶಿಕ್ಕೆಯನ್ನು ಶಾಯಿಗೆ ಒತ್ತಿದ.

“ಭಾಳ ನ್ಯಾಯದ ತೀರ್ಪು,” ಎಂದರು ಗೋವಿಂದಪ್ಪನವರು ಮನಃಪೂರ್ವಕವಾಗಿ. “ಶಿಕ್ಕಾ ಹೊಡಿಯೂಕಿಂತ ಮೊದಲ ನಾಕನೇ ಕಲಮ ಒಂದು ಓದತೇನಿ. ಸ್ವಂತ ಜಾಗಾ ಇಲ್ಲದ ಖಾತೆ ಅಸ್ತಿತ್ವದಾಗ ಇಲ್ಲ ಅಂತ ತಿಳಿಯತಕ್ಕದ್ದು.”

“ಅಂದ್ರ?”

“ನೀವು ಜಾಗಾ ಕೊಟ್ಟ ಕೂಡ್ಲೆ ಖಾತೆಗೆ ಜಾಗಾ ಇಲ್ಲ. ಜಾಗಾ ಇಲ್ಲದ ಮ್ಯಾಲೆ ಖಾತೆ ಇಲ್ಲ. ಖಾತೆ ಇಲ್ಲದ ಮ್ಯಾಲೆ ಖಾತೆ ಕೊಟ್ಟ ಹುಕುಮೂ ಇಲ್ಲ.”

“ಹಂಗಾರ ಜಾಗಾ ಯಾರದಾತ್ರಿ?”

“ಸರಕಾರದ್ದು. ಶ್ರೀಮಂತರಿಗೆ ಈಜು ಕಲಿಯೋ ಮನಸೈತಿ. ಸಿಹಿನೀರು, ಹೊಂಡಾ ಮಾಡಸೂಣು ಅಂತ ನಿನ್ನಿನೂ ಅಂದ್ರು.”

ಶಿಕ್ಕೆಯಿಂದ ಒಂದು ಹನಿ ಶಾಯಿ ಮೇಜಿನ ಮೇಲೆ ಬಿತ್ತು. ಅರ್ಜಿ ಒಪ್ಪಿದರೆ ಮನೆ ಹೋಗುತ್ತಿತ್ತು, ತಳ್ಳಿದರೆ ಮನೆ ತನ್ನದಲ್ಲವೆಂದು ತಾನೇ ಬರೆದುಕೊಟ್ಟಂತಾಗುತ್ತಿತ್ತು. ಆಗ ಅಲ್ಪೋಪಹಾರ ಕೋಣೆಯ ಬಾಗಿಲಲ್ಲಿ, ಹಿಟ್ಟಿನ ಕೈಯಲ್ಲೇ ನಿಂತಿದ್ದ ಮಕ್ತುಮಬಿ ಹೇಳಿದಳು:

“ತೀರ್ಪ ಯಾಕ ಕೊಡ್ತೀರಿ? ತಾರೀಖ ಕೊಡ್ರಿ.”

ಕಾರಭಾರಿಗಳು ಅವಳತ್ತ ತಿರುಗಿ ನೋಡಿ, ತಮ್ಮ ಮೂವತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಒಬ್ಬ ಅರ್ಜಿದಾರನ ಹೆಂಡತಿಗೆ ಎದ್ದು ನಿಂತರು. ವಿಚಾರಣೆಯನ್ನು ಏಪ್ರಿಲದ ಮೊದಲ ಶುಕ್ರವಾರಕ್ಕೆ ಮುಂದೂಡಲಾಯಿತು. ಅರ್ಜಿದಾರನ ತಕರಾರು ಇದೆಯೇ ಎಂದು ಅಧಿಕಾರಿ ಕೇಳಿದ. ಅರ್ಜಿದಾರ ಇಲ್ಲವೆಂದ.

ಏಪ್ರಿಲದಲ್ಲಿ ಮೇ ತಿಂಗಳಿಗೆ, ಮೇ ತಿಂಗಳಲ್ಲಿ ಜೂನಕ್ಕೆ ಮುಂದೂಡಲಾಯಿತು. ಅಧಿಕಾರಿ ಒಂದು ತಿಂಗಳೂ ತಪ್ಪಿಸಲಿಲ್ಲ, ಅರ್ಜಿದಾರನೂ ತಪ್ಪಿಸಲಿಲ್ಲ. ಮೊದಲ ವರ್ಷ ಕಮರುದ್ದೀನನಿಗೆ ಅರ್ಜಿದಾರನ ಎದುರು ಕುಳಿತುಕೊಳ್ಳಲು ನಾಚಿಕೆಯಾಗುತ್ತಿತ್ತು. ಎರಡನೆಯ ವರ್ಷ, ಈ ಮನುಷ್ಯ ತಿಂಗಳಿಗೊಮ್ಮೆ ಬಂದು ಅದೇ ಮಾತು ಹೇಳಿ ಕಾಡುತ್ತಾನಲ್ಲ ಎನಿಸತೊಡಗಿತು. ಮೂರನೆಯ ವರ್ಷ, ಕುರ್ಚಿಯಿಂದ ಎದ್ದು ಸುತ್ತುಹಾಕಲು ಮೊಣಕಾಲು ನೋಯುತ್ತದೆಂದು, ಅರ್ಜಿದಾರನ ಗೈರುಹಾಜರಿಯನ್ನು ಹಾಜರಿ ಎಂದು ತಿಳಿಯತಕ್ಕದ್ದೆಂಬ ಹೊಸ ಕಲಮು ತಾನೇ ಬರೆದ. ಗೋವಿಂದಪ್ಪನವರು ಅದನ್ನು ಓದಿ, ಭಾಷೆ ಬಹಳ ಸುಧಾರಿಸಿದೆಯೆಂದರು.

1939ರ ಜನವರಿಯ ಚಳಿಯಲ್ಲಿ ಹೊಸ ಏಜೆಂಟ ಸಾಹೇಬರು ತಪಾಸಣೆಗೆ ಬಂದರು. ಮಕ್ತುಮಬಿ ಅಲ್ಪೋಪಹಾರ ಕೊಟ್ಟಳು. ಸಾಹೇಬರು ಅದನ್ನು ಅಲ್ಪವಲ್ಲದಷ್ಟು ತಿಂದು ಕಡತ ಕೇಳಿದರು.

“ಖಾತೆ ತಗದ ಮ್ಯಾಲೆ ಎಷ್ಟು ಪರಸ್ಥರ ಜಾಗಾ ಸರಕಾರ ತಗೊಂಡೈತಿ?” ಅವರ ಪ್ರಶ್ನೆಯನ್ನು ದುಭಾಷಿ ಕನ್ನಡದಲ್ಲಿ ಹೇಳಿದ.

“ಒಬ್ಬಂದ್ರಿ,” ಎಂದರು ಕಾರಭಾರಿಗಳು.

“ಆ ಮನುಷ್ಯ ಈಗ ಎಲ್ಲಿದ್ದಾನ?”

“ಇವರ ನೋಡ್ರಿ.”

ಸಾಹೇಬರು ಕಮರುದ್ದೀನನನ್ನೂ, ಅವನ ಕುರ್ಚಿಯನ್ನೂ, ಕಿಟಕಿಯಾಚೆಯ ಬಾವಿಯನ್ನೂ ನೋಡಿ, ಏನಾದರೂ ದೂರು ಇದೆಯೇ ಎಂದು ಕೇಳಿಸಿದರು. ಕಮರುದ್ದೀನ ಅರ್ಜಿ ನಂಬರು ಒಂದರ ಕಡತದತ್ತ ಕೈ ಚಾಚಿದ. ಆಮೇಲೆ ನಿಯಮ ನೆನಪಾಗಿ, “ಐತ್ರಿ, ಆದರ ಅದು ವಿಚಾರಣ್ಯಾಗ ಐತಿ. ಅದರ ಬಗ್ಗೆ ನಾ ಮಾತಾಡೂದು ತಪ್ಪಾಗ್ತೈತಿ,” ಎಂದ.

ಸಾಹೇಬರಿಗೆ ಈ ಸಂಯಮ ಬಹಳ ಹಿಡಿಸಿತು. ಭೇಟಿಯ ಪುಸ್ತಕದಲ್ಲಿ ಹೀಗೆ ಬರೆದರು: ‘ಜಾಗ ಕಳೆದುಕೊಂಡ ಪರಸ್ಥರ ಪೈಕಿ ನೂರಕ್ಕೆ ನೂರರಷ್ಟು ಮಂದಿಗೆ ವಸತಿ, ನೀರು, ಹುದ್ದೆ ಮತ್ತು ಗೌರವ ದೊರೆತಿರುವುದು ಕಂಡುಬಂತು. ಈ ಪದ್ಧತಿಯನ್ನು ನೆರೆಯ ಸಂಸ್ಥಾನಗಳೂ ಅನುಸರಿಸಬೇಕು.’

ನೆರೆಯ ಸಂಸ್ಥಾನಗಳು ಅನುಸರಿಸಿದವು. ಖಾತೆ ತೆಗೆಯಲು ಕನಿಷ್ಠ ಒಬ್ಬ ಪರಸ್ಥನ ಜಾಗ ಕಸಿದುಕೊಳ್ಳಬೇಕಾಗಿದ್ದರಿಂದ, ಆ ಬೇಸಗೆಯಲ್ಲಿ ನಾಲ್ಕು ಸಂಸ್ಥಾನಗಳು ಒಬ್ಬೊಬ್ಬನದು ಕಸಿದುಕೊಂಡವು. ಮನೆ, ಬಾವಿ, ಕುರ್ಚಿ ಮೂರೂ ಸಿಗುತ್ತವೆಂಬ ಸುದ್ದಿ ಹುಬ್ಬಳ್ಳಿ ಪೇಟೆಗೆ ಮುಟ್ಟಲು ತಡವಾಗಲಿಲ್ಲ. ಜಾಗ ಕೊಳ್ಳಲು ಬಂದವರು ಈಗ ಅದು ಸುರಕ್ಷಿತವೇ ಎಂದು ಕೇಳುವುದನ್ನು ಬಿಟ್ಟು, ಯಾವಾಗ ಕಸಿದುಕೊಳ್ಳುತ್ತೀರಿ ಎಂದು ಕೇಳತೊಡಗಿದರು. ಮಾರಾಟದ ಕರಾರಿನಲ್ಲಿಯೇ ತಾರೀಖು ಬರೆದುಕೊಡಬೇಕೆಂದು ಕೆಲವರು ಹಟ ಹಿಡಿದರು. ಬೆಣಚಿಹಾಳದ ಉಳಿದ ಹನ್ನೊಂದೂ ಜಾಗಗಳು ಮಾರಿಹೋದವು. ಕಾರಭಾರಿಗಳು ಊರ ಗೋಮಾಳವನ್ನೂ ಅಳೆಸತೊಡಗಿದರು.

1940ರ ಜುಲೈದಲ್ಲಿ ದುರಗವ್ವ ಎಂಬ ಹೆಂಗಸು ಖಾತೆಗೆ ಬಂದಳು. ಧಾರವಾಡದ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರಿಣಿಯಾಗಿದ್ದು ನಿವೃತ್ತಳಾದವಳು. ಅದೇ ಊರಿನ ಮಾಳಮಡ್ಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದು, ಕೂಡಿಟ್ಟದ್ದನ್ನೆಲ್ಲ ಹಾಕಿ ನಾಲ್ಕನೆಯ ನಂಬರಿನ ಜಾಗ ಕೊಂಡಿದ್ದಳು. ಅವಳು ಛತ್ರಿಯನ್ನು ಮೇಜಿಗೆ ಆನಿಸಿಟ್ಟು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿಯೇ ಮಾತಾಡಿದಳು.

“ಅಧಿಕಾರಿಗಳ, ನಾ ಜಾಗಾ ತಗೊಂಡು ಹದಿನಾಲ್ಕು ತಿಂಗಳಾತು. ಒಂದು ಗೂಟಾ ಇಲ್ಲ, ಒಂದು ನೋಟೀಸಿಲ್ಲ. ನನ್ನ ಮ್ಯಾಲೆ ಸರಕಾರಕ್ಕ ಸಿಟ್ಟೈತೇನು?”

“ಸಿಟ್ಟಿಲ್ರಿ ಬಾಯಾರ,” ಎಂದ ಕಮರುದ್ದೀನ, ಎದ್ದು ನಿಂತು. “ಕಸಗೊಳ್ಳೋದು ಸರತಿ ಪ್ರಕಾರ ನಡೀತೈತಿ. ಅರ್ಜಿ ಬರದೀರೇನು?”

“ಮೂರು ಪ್ರತಿ ತಂದೇನಿ.”

“ಛಲೋ ಆತು. ಇದಕ್ಕ ಜಾಮೀನದಾರ್ರು ಇಬ್ಬರು ಬೇಕು, ಜಾಗಾ ಹೋದ್ರ ನಿಮಗ ಖರೇನ ದುಃಖ ಆಗ್ತೈತಿ ಅಂತ ಹೇಳಾವ್ರು.”

“ನಮ್ಮ ಸಾಲಿ ಹೆಡ್ಮಾಸ್ತರಿಣಿ ಹೇಳತಾರ. ನಾ ಭಾಳ ಅಳತೇನಿ ಅಂತ ಅವ್ರಿಗೆ ಗೊತ್ತೈತಿ.”

ಕಮರುದ್ದೀನ ರಜಿಸ್ಟರ ಬಿಚ್ಚಿ ಬೆರಳಾಡಿಸಿದ. ಅವಳಿಗಿಂತ ಮೊದಲು ಹತ್ತು ಮಂದಿ ಇದ್ದರು. ಅವರಲ್ಲಿ ಒಬ್ಬರು ಟೆನಿಸ್ ಅಂಗಳದ ವಕೀಲರು. ಹೊಸದಾಗಿ ಎರಡನೆಯ ಜಾಗ ಕೊಂಡು, ಈ ಸಲ ನಿಯಮಬದ್ಧವಾಗಿ ಕಸಿದುಕೊಳ್ಳಬೇಕೆಂದು ವಿನಂತಿ ಮಾಡಿದ್ದರು.

“ನಿಮ್ಮದು ಹನ್ನೊಂದನೇ ನಂಬರ ಬರತೈತಿ. ವರ್ಷಾ ಎರಡು ವರ್ಷಾ ಹಿಡೀಬಹುದು.”

“ಹಿಡೀಲಿ. ಖಾತ್ರಿ ಐತಲ್ಲ?”

“ಸರಕಾರದ ಮಾತ್ರಿ,” ಎಂದು ಕಮರುದ್ದೀನ ಶಿಕ್ಕೆ ಹೊಡೆದು ಅರ್ಜಿ ಮುಟ್ಟಿದ ಪಾವತಿ ಕೊಟ್ಟ.

ದುರಗವ್ವ ಪಾವತಿಯನ್ನು ಎರಡು ಸಲ ಓದಿ, ಒಂದು ಕಾಗುಣಿತದ ತಪ್ಪು ತಿದ್ದಿಸಿ, ಮಡಚಿ ಚೀಲದಲ್ಲಿಟ್ಟುಕೊಂಡಳು. ಹನುಮಪ್ಪ ಅವಳ ಛತ್ರಿ ಬಿಚ್ಚಿಕೊಟ್ಟ. ಜಿಟಿಜಿಟಿ ಮಳೆಯಲ್ಲಿ ಅವಳು ಸಮಾಧಾನದಿಂದ ಹಳ್ಳ ದಾಟಿ ಮಾಳಮಡ್ಡಿಗೆ ಹೋಗಿ, ಬಾಡಿಗೆ ಮನೆಯ ಮಾಲಕರಿಗೆ, ಸರಕಾರ ತನ್ನ ಜಾಗ ಕಸಿದುಕೊಳ್ಳುವುದು ನಿಶ್ಚಯವಾಗಿದೆ, ಬೇರೆ ಬಾಡಿಗೆಯವರನ್ನು ನೋಡಿಕೊಳ್ಳಿರಿ ಎಂದು ತಿಳಿಸಿದಳು. ಅವರು ಅಭಿನಂದಿಸಿ ಪೇಢೆ ಕೊಟ್ಟರು.